ಪಿಂಚಣಿಗಾಗಿ ಕೂತಿದ್ದಾರೆ ಅನ್ನುವ ಮುನ್ನ

ಖಾಸಗಿ ಕಂಪನಿಗಳು ದುಪ್ಪಟ್ಟು ಸಂಬಳ ಕೊಡುತ್ತೇವೆಂದು ಕರೆದರೂ ಸರ್ಕಾರಿ ಸಂಶೋಧನಾ ಸಂಸ್ಥೆಗಳ ಹಿರಿಯ ಸಂಶೋಧಕರು ಯಾಕೆ ಹೋಗುವುದಿಲ್ಲ? ಆಡಳಿತ ವಿಭಾಗವನ್ನು ಕೇಳಿದರೆ ಸಿದ್ಧ ಉತ್ತರ ಒಂದೇ: ‘ಪಿಂಚಣಿ ಇದೆಯಲ್ಲ!’ ಕೇಳಿ ಕೇಳಿ ಸಾಕಾಗಿದೆ. 2004ರ ಜನವರಿ 1ರಿಂದ ಕೇಂದ್ರ ಸೇವೆಗೆ ಸೇರಿದವರಿಗೆ ಹಳೆಯ ಪಿಂಚಣಿಯ ಬದಲು ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಬಂತು. ಅದಕ್ಕೆ ಮೂಲವೇತನ, ತುಟ್ಟಿಭತ್ಯೆಯ ಮೇಲೆ ನೌಕರನ ವಂತಿಗೆ ಶೇ. 10, ಸರ್ಕಾರದ್ದು 2019ರಿಂದ ಶೇ. 14. ನೌಕರನ ಹೆಸರಿನಲ್ಲಿರುವ ಆ ಪ್ರಾನ್ (ಕಾಯಂ ನಿವೃತ್ತಿ ಖಾತೆ ಸಂಖ್ಯೆ) ಖಾತೆ ಖಾಸಗಿ ಕಂಪನಿಗೆ ಹೋದರೂ ಜೊತೆಗೇ ಬರುತ್ತದೆ. ಹಾಗಿದ್ದ ಮೇಲೆ ಅದು ಕಟ್ಟಿಹಾಕುವುದು ಹೇಗೆ? 2025ರ ಏಪ್ರಿಲ್‌ನಲ್ಲಿ ಬಂದ ಯುಪಿಎಸ್‌ನ (ಏಕೀಕೃತ ಪಿಂಚಣಿ ಯೋಜನೆ) ಲೆಕ್ಕ ಬೇರೆ. ಸ್ವಾಯತ್ತ ಸಂಸ್ಥೆಯವರು ಅದು ತಮಗೆ ಅನ್ವಯಿಸುತ್ತದೆಯೇ ಎಂದು ತಮ್ಮ ಆದೇಶ ನೋಡದೆ ಅದನ್ನು ಎಣಿಕೆಗೆ ತರಬಾರದು.

ಮನಶ್ಶಾಸ್ತ್ರಜ್ಞರಾದ ಮೇಯರ್ ಮತ್ತು ಆಲೆನ್ 1991ರಲ್ಲಿ ನೌಕರರು ಸಂಸ್ಥೆಯಲ್ಲಿ ಉಳಿಯುವ ಕಾರಣವನ್ನು ಮೂರಾಗಿ ಬಿಡಿಸಿದರು: ಸಂಸ್ಥೆಯ ಮೇಲಿನ ಪ್ರೀತಿ, ಬಿಟ್ಟರೆ ಆಗುವ ನಷ್ಟ, ಋಣದ ಭಾವ. ಹಾಜರಿ ಪುಸ್ತಕದಲ್ಲಿ ಈ ಮೂರೂ ಬಗೆಯವರು ಒಂದೇ ಥರ ಕಾಣುತ್ತಾರೆ. ತಪ್ಪಾಗುವುದು ಅಲ್ಲೇ.

ಕಾರವಾರದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ; ಸಮುದ್ರದಲ್ಲೇ ಬಲೆಯ ಪಂಜರ ಕಟ್ಟಿ ಮೀನು ಸಾಕುವ ಪಂಜರ ಕೃಷಿಗೆ ಹೆಸರಾದ ಜಾಗ. ಅಲ್ಲಿ ಸಾಕುವ ಸೀಬಾಸ್ ಮೀನನ್ನೇ ನೋಡಿ. ಅದು ಮೊದಲು ಗಂಡಾಗಿ ಬಲಿತು, ಕೆಲವು ವರ್ಷ ಕಳೆದು ಹೆಣ್ಣಾಗುತ್ತದೆ. ಮರಿ ಪಡೆಯಲೆಂದೇ ಸಾಕುವ ಅಂಥ ತಳಿಮೀನುಗಳ ಗುಂಪು ಕಟ್ಟಿದವರು ಮೊಟ್ಟೆ, ಮರಿ ಕಾಣುವ ಮೊದಲೇ ಬಿಟ್ಟು ಹೋದರೆ ಅವರ ಅಷ್ಟು ವರ್ಷದ ದುಡಿಮೆ ತೊಟ್ಟಿಯಲ್ಲೇ ಉಳಿಯುತ್ತದೆ. ಶಿರಸಿ ಸೀಮೆಯ ಅಡಿಕೆಯೂ ಹಾಗೇ: ಸಸಿ ನೆಟ್ಟು ಮೊದಲ ಫಸಲಿಗೇ ಐದಾರು ವರ್ಷ, ತಳಿಯ ಗುಣ ಹೇಳಲು ಅದರ ಮೇಲೂ ಹಲವು ಕೊಯ್ಲು ಬೇಕು. ಖಾಸಗಿಯಲ್ಲಿ ಇಷ್ಟು ದಿನ ಕಾಯುವವರು ಕಡಿಮೆ. ಒಳ್ಳೆಯ ಸಂಶೋಧಕರು ಉಳಿಯುವುದು ಬಹುಮಟ್ಟಿಗೆ ಹಿಡಿದ ಕೆಲಸದ ಫಲ ಕಾಣುವುದಕ್ಕಾಗಿ. ಎಲ್ಲರೂ ಅಲ್ಲ, ಸಂಗಾತಿಗೆ ಕೈಗಾದಲ್ಲಿ ನೌಕರಿ, ಮಕ್ಕಳ ಶಾಲೆ ಎಂದು ಉಳಿದವರೂ ಇದ್ದಾರೆ, ಅದರಲ್ಲೇನೂ ತಪ್ಪಿಲ್ಲ.

ಕಾರಣ ತಿಳಿಯದಿದ್ದರೆ ಮದ್ದೂ ತಪ್ಪುತ್ತದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧದಿಂದ ಯಾಂತ್ರಿಕ ದೋಣಿ ಕಡಲಿಗಿಳಿಯುವುದಿಲ್ಲ. ತಳಿಮೀನಿಗೆ ಮೇವಾಗಿ ಹಾಕುವ ತಾರ್ಲೆ (ಬೂತಾಯಿ), ಬೊಂಡಾಸನ್ನು (ಸ್ಕ್ವಿಡ್) ಮೇ ಒಳಗೇ ಕೊಂಡು ಫ್ರೀಜರಿಗೆ ಸೇರಿಸಬೇಕು. ಖರೀದಿ ಕಡತ ಏಪ್ರಿಲ್‌ನಲ್ಲಿ ಒಂದು ಮೇಜಿನ ಮೇಲೆ ಮಲಗಿತೆಂದರೆ ಮಳೆಗಾಲದಲ್ಲಿ ಮೀನು ಸೊರಗುತ್ತದೆ, ಮೊಟ್ಟೆಯ ಹಂಗಾಮು ಕೆಡುತ್ತದೆ. ಪ್ರಯೋಗದ ನಡುವೆ ವರ್ಗಾವಣೆ ಬಂದರೂ ಅಷ್ಟೇ. ಆ ಕೆಲಸಕ್ಕಾಗಿಯೇ ಉಳಿದ ಮನುಷ್ಯನಿಗೆ ಆಗ ಉಳಿಯಲು ಕಾರಣವಿರುವುದಿಲ್ಲ. ಭತ್ಯೆ ಏರಿಸಿ ಅದನ್ನು ಸರಿಮಾಡಲಾಗದು.

ರಾಜೀನಾಮೆ ಕೊಟ್ಟವರನ್ನು ಮಾತ್ರ ಕೂರಿಸಿ ಕೇಳುವ ರೂಢಿ ಬಿಡಿ. ಇರುವವರನ್ನು ವರ್ಷಕ್ಕೊಮ್ಮೆ, ಬಜೆಟ್ ಪ್ರಸ್ತಾವ ಹೋಗುವ ಮುನ್ನ, ಅರ್ಧ ಗಂಟೆ ಕೇಳಿ. ಯಾವ ಕೆಲಸ ಯಾರ ಸಹಿಗೆ ಕಾದು ನಿಂತಿತು? ನಾಳೆ ವರ್ಗವಾದರೆ ಯಾವುದು ಅರ್ಧಕ್ಕೇ ಬೀಳುತ್ತದೆ? ಅದನ್ನು ಮುಂದುವರಿಸಲು ಗೊತ್ತಿರುವವರು ಇನ್ನೊಬ್ಬರಿದ್ದಾರೆಯೇ? ಈ ಮೂರು ಸಾಕು. ಕೇಳುವವರು ಅವರ ವಾರ್ಷಿಕ ಮೌಲ್ಯಮಾಪನ ಬರೆಯುವ ಅಧಿಕಾರಿಯಾಗಿರಬಾರದು, ಉತ್ತರಗಳು ಆ ಕಡತಕ್ಕೂ ಸೇರಬಾರದು. ಸೇರಿದವೋ, ಮರುವರ್ಷ ಎಲ್ಲರ ಬಾಯಲ್ಲೂ ‘ಏನೂ ತೊಂದರೆ ಇಲ್ಲ ಸರ್’ ಎಂಬುದೊಂದೇ ಉತ್ತರ.