ಜತ್ತದ ಒಣನೆಲದಲ್ಲಿ ಕುರಿಮರಿ: ಬಯಲ ಮೇವೋ, ದಡ್ಡಿಯ ಮೇವೋ?

ಮರಿ ಬೆಳೆಸುವ ಪಾಠದಲ್ಲಿ ಮೂರು ಪದ್ಧತಿ ಬರುತ್ತವೆ: ಬರೀ ಬಯಲಲ್ಲಿ ಮೇಯಿಸುವುದು, ಮೇಯಿಸಿ ತಂದು ಸಂಜೆ ದಾಣಿ (ಕಾಳು, ಹಿಂಡಿ, ತವುಡಿನ ಮೇವು) ಕೊಡುವುದು, ದಡ್ಡಿಯಲ್ಲೇ ಕಟ್ಟಿ ಮೇಯಿಸುವುದು. ಯಾವುದು ಒಳ್ಳೆಯದು ಎಂದು ಕೇಳಿದರೆ ಬಹಳ ಜನ ದಿನದ ತೂಕ ನೋಡಿ ಮೂರನೆಯದು ಅಂದುಬಿಡುತ್ತಾರೆ. ಮಹಾರಾಷ್ಟ್ರದ ಗಡಿಯ ಜತ್ತ, ಅಕ್ಕಲಕೋಟೆ ಕಡೆ ಮರಿ ಸಾಕುವವರು ಹಾಗೆ ಓದಿಕೊಳ್ಳಬಾರದು. ಇಲ್ಲಿ ಕೇಳಬೇಕಾದ್ದು ಒಂದೇ: ಈ ತಿಂಗಳು ಬಯಲು ಎಷ್ಟು ಕೊಡುತ್ತಿದೆ?

ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ತಿಳಿಯಲೆಂದು ಹಿಡಿದವು, ನಿಮ್ಮೂರಿನ ದರ ಹಾಕಿಕೊಳ್ಳಿ. ದಾಣಿ ಕಿಲೋಗೆ 30 ರೂಪಾಯಿ, ಹೊಟ್ಟು 8 ರೂಪಾಯಿ. ಮಳೆ ಮುಗಿದ ಹೊತ್ತಿನಲ್ಲಿ ಬಯಲೊಂದೇ ಮರಿಗೆ ದಿನಕ್ಕೆ 50 ಗ್ರಾಂ ತೂಕ ಕೊಟ್ಟಿತು ಅನ್ನಿ. ಸಂಜೆ 200 ಗ್ರಾಂ ದಾಣಿ ಇಟ್ಟರೆ ಅದು 100 ಗ್ರಾಂ ಆಯಿತು. ಖರ್ಚು 6 ರೂಪಾಯಿ, ಅಂದರೆ ಒಂದು ಕಿಲೋ ತೂಕಕ್ಕೆ 60. ದಡ್ಡಿಯಲ್ಲಿ 400 ಗ್ರಾಂ ದಾಣಿ, ಅರ್ಧ ಕಿಲೋ ಹೊಟ್ಟು ಸೇರಿ 16 ರೂಪಾಯಿ. ತೂಕ 130 ಗ್ರಾಂ ಬಂದರೂ ಕಿಲೋಗೆ 123 ಬಿತ್ತು. ಹಿಂಗಾರಿನ ಜೋಳ ಕೊಯ್ದ ಮೇಲೆ ಕೂಳೆ ಹೊಲ ಮೇಯಲು ಸಿಗುತ್ತಿರುವವರೆಗೂ ಎರಡನೆಯ ಪದ್ಧತಿಯೇ ಗೆಲ್ಲುತ್ತದೆ.

ಏಪ್ರಿಲ್, ಮೇ ಬಂದಾಗ ಇದೇ ಲೆಕ್ಕ ತಿರುಗುತ್ತದೆ. ಬಯಲು ಏನೂ ಕೊಡದಿದ್ದರೆ ಅದೇ 6 ರೂಪಾಯಿಗೆ ಸಿಗುವುದು 50 ಗ್ರಾಂ ಮಾತ್ರ: ಕಿಲೋಗೆ 120. ಕಟ್ಟಿ ಮೇಯಿಸಿದ್ದಕ್ಕೂ ಇದಕ್ಕೂ ಹೆಚ್ಚು ಅಂತರವೇ ಉಳಿಯಲಿಲ್ಲ. ಮೇಲೆ ನೀರು ಹುಡುಕಿ ಬಿಸಿಲಲ್ಲಿ ನಡೆದ ಮರಿ ತಿಂದದ್ದನ್ನು ನಡಿಗೆಯಲ್ಲೇ ಕಳೆಯುತ್ತದೆ. ಮಾರುವ ಟಗರು ಮರಿಗಳನ್ನು ಬೇಸಿಗೆಯಲ್ಲಿ ದಡ್ಡಿಗೆ ಹಾಕುವುದು ಸರಿ ಎಂದು ನನಗನ್ನಿಸುವುದು ಇದಕ್ಕೇ. ತಾಯಿ ಕುರಿಗಳ ಮಾತು ಬೇರೆ.

ವಯಸ್ಸನ್ನೂ ಮರೆಯಬೇಡಿ. ಎಳೆ ಮರಿ ಬೆಳೆಸುವುದು ಎಲುಬು, ಮಾಂಸ. ದೊಡ್ಡದಾದಂತೆ ಕೊಬ್ಬು ಕಟ್ಟುತ್ತದೆ, ಕೊಬ್ಬಿಗೆ ಮೇವು ಹೆಚ್ಚು ಬೇಕು. ಹಾಗಾಗಿ ದಾಣಿಗೆ ದುಡ್ಡು ಕಡಿಮೆ ಇದ್ದವರು ಅದನ್ನು ಮೊದಲ ಮೂರು ತಿಂಗಳಿಗೇ ಇಡಬೇಕು. ಹುಟ್ಟಿದ ತಾಸಿನೊಳಗೆ ಗಿಣ್ಣದ ಹಾಲು, ಎರಡು ವಾರಕ್ಕೆ ಕ್ರೀಪ್ ಫೀಡ್, ಅಂದರೆ ಮರಿಗೆ ಮಾತ್ರ ಸಿಗುವ ಮೇವು. ದಡ್ಡಿಯ ಮೂಲೆಯಲ್ಲಿ ಮರಿ ತೂರಬಲ್ಲ, ತಾಯಿ ತೂರಲಾರದ ಸಂದಿ ಬಿಟ್ಟು, ಒಳಗೆ ನುಚ್ಚು ಮಾಡಿದ ಗೋವಿನಜೋಳ, ಶೇಂಗಾ ಹಿಂಡಿ ಇಡಿ. ಮರಿ ಮೊದಲು ಮೂಸುತ್ತದೆ, ತುಟಿಗೆ ಹಚ್ಚಿಕೊಂಡು ಓಡುತ್ತದೆ, ಮತ್ತೆ ಬರುತ್ತದೆ. ಆ ಒಂದೊಂದು ಚಿಟಿಕೆ ಕಾಳೇ ಹೊಟ್ಟೆಯಲ್ಲಿ ಹುದುಗು ಬಂದು ಮೆಲುಕು ಚೀಲದ (ಕುರಿಯ ನಾಲ್ಕು ಹೊಟ್ಟೆಗಳಲ್ಲಿ ಮೊದಲನೆಯದು) ಒಳಪದರವನ್ನು ಬೆಳೆಸುವುದು. ಹಾಲು ಆ ಚೀಲಕ್ಕೆ ಹೋಗದೆ ನೇರ ನಾಲ್ಕನೇ ಹೊಟ್ಟೆಗೆ ಇಳಿಯುತ್ತದೆ, ಆದ್ದರಿಂದ ಹಾಲೊಂದರಿಂದ ಈ ಕೆಲಸ ಆಗದು. ಜತ್ತ ತಾಲೂಕಿನ ಮಾಡಗ್ಯಾಳ ತಳಿಯ ಮರಿಗಳು ಬೇಗ ಬೆಳೆಯುವವು, ಅವಕ್ಕೆ ಕ್ರೀಪ್ ತಪ್ಪಿಸಿದರೆ ತಳಿಯ ಗುಣವೇ ವ್ಯರ್ಥ.

ಬಯಲಿಂದ ದಡ್ಡಿಗೆ ತರುವ ಹತ್ತು ಹನ್ನೆರಡು ದಿನ ಬಹಳ ಎಚ್ಚರಿಕೆ ಬೇಕು. ಒಮ್ಮೆಲೇ ಕಾಳು ಸುರಿದರೆ ಹೊಟ್ಟೆ ಹುಳಿಯುತ್ತದೆ, ಕರುಳುಬೇನೆಯ ವಿಷ ಏಳುತ್ತದೆ. ಅದರಲ್ಲಿ ಮೊದಲು ಬೀಳುವುದು ದಷ್ಟಪುಷ್ಟ ಮರಿಯೇ. ಲಸಿಕೆ ಮೊದಲೇ ಆಗಿರಲಿ. 50 ಗ್ರಾಂನಿಂದ ಶುರುಮಾಡಿ, ಹಿಕ್ಕೆ ಗಟ್ಟಿ ಇದ್ದರೆ ಏರಿಸಿ, ಮೆತ್ತಗಾದರೆ ಇಳಿಸಿ. ಕತ್ತರಿಸಿದ ಕಣಕಿ, ತೊಗರಿ ಹೊಟ್ಟು ಎದುರಿಗೆ ಸದಾ ಇರಲಿ. ನೀರಿಲ್ಲದೆ ಬಾಡಿದ ಎಳೆ ಜೋಳದ ಕೂಳೆ ಚಿಗುರು ಮಾತ್ರ ಬೇಡ, ಅದರಲ್ಲಿ ಸಯನೈಡ್ ವಿಷವಿರುತ್ತದೆ.

ಕಾಳು, ತವುಡು ಹೆಚ್ಚು ತಿನ್ನುವ ಗಂಡು ಮರಿಗಳಲ್ಲಿ ರಂಜಕ ಏರಿ ಮೂತ್ರನಾಳದಲ್ಲಿ ಕಲ್ಲು ಕಟ್ಟುತ್ತದೆ. ದಾಣಿಯಲ್ಲಿ ಸುಣ್ಣದ ಅಂಶ ರಂಜಕದ ಎರಡರಷ್ಟು ಇರುವಂತೆ ನೋಡಿಕೊಳ್ಳಬೇಕು, ಉಪ್ಪು ಸೇರಿಸಿ ಚೆನ್ನಾಗಿ ನೀರು ಕುಡಿಯುವಂತೆ ಮಾಡಬೇಕು. ಮರಿ ಬೆನ್ನು ಬಾಗಿಸಿ ತಿಣುಕುತ್ತ ಹನಿಹನಿ ಬಿಡುತ್ತಿದ್ದರೆ ಅಂದೇ ಪಶುವೈದ್ಯರನ್ನು ಕರೆಸಿ.