ಆಟಿಕೆಗೆ ಐಎಸ್‌ಐ ಗುರುತು: ಮನೆಯಲ್ಲೇ ಗೊಂಬೆ ಮಾಡುವವರು ತಿಳಿಯಬೇಕಾದದ್ದು

ದಸರೆಯ ಹೊತ್ತಿಗೆ ಮೈಸೂರಿನಲ್ಲಿ ಮಳಿಗೆ ಹಾಕುವವರ ಒಂದೇ ಮೇಜಿನ ಮೇಲೆ ಎರಡು ಬಗೆಯ ಸರಕು ಇರುತ್ತದೆ. ಪಟ್ಟದ ಗೊಂಬೆ ಮೆಟ್ಟಿಲ ಮೇಲೆ ಕೂರಿಸಲಿಕ್ಕೆ. ಪಕ್ಕದ ಮರದ ಗಿಲಕಿ, ಕ್ರೋಶಾ ಆನೆ ಮಗು ಆಡಲಿಕ್ಕೆ. ಕಾನೂನು ಬರುವುದು ಈ ಎರಡನೆಯದಕ್ಕೆ: 14 ವರ್ಷದೊಳಗಿನವರ ಆಟಕ್ಕೆಂದು ಮಾಡಿದ ವಸ್ತುವಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ.

ಇದರ ಬೇರು ಆಮದು ಆಟಿಕೆಗಳಲ್ಲಿದೆ. 2007ರಲ್ಲಿ ಸೀಸದ ಬಣ್ಣ ಬಳಿದ ಆಟಿಕೆಗಳು ಅಮೆರಿಕದ ಅಂಗಡಿಗಳಿಂದ ವಾಪಸಾದವು, ಮರುವರ್ಷ ಅಲ್ಲಿ ಕಠಿಣ ಕಾಯ್ದೆ ಬಂತು. ಕೈಕಸುಬಿನವರು ಪ್ರತಿಭಟಿಸಿದ ಮೇಲೆ, 2011ರ ತಿದ್ದುಪಡಿ ಒಂದೇ ಬಗೆಯ ವಸ್ತುವನ್ನು ವರ್ಷಕ್ಕೆ 7,500 ಮೀರದಷ್ಟು ಮಾಡುವ ಸಣ್ಣ ತಯಾರಕರಿಗೆ ಪರೀಕ್ಷೆಯ ಹೊರೆ ಇಳಿಸಿತು. ಭಾರತ 2009ರಲ್ಲಿ ಚೀನಾ ಆಟಿಕೆಗಳನ್ನು ಕೆಲಕಾಲ ನಿಷೇಧಿಸಿತು, 2017ರಲ್ಲಿ ಆಮದಿಗೆ ನಮ್ಮ ಮಾನಕಗಳನ್ನು ವಿಧಿಸಿತು. 2020ರ ಫೆಬ್ರುವರಿಯ ಆದೇಶ ಇಲ್ಲೇ ತಯಾರಿಸುವವರನ್ನೂ ಅದೇ ಸಾಲಿಗೆ ತಂದಿತು.

ಗುರುತಿಗೆ ಬೇಕಾದ ಪರೀಕ್ಷೆ ಕಾರ್ಖಾನೆಗೆ ಹೊರೆಯಲ್ಲ. ಲಕ್ಷ ಗೊಂಬೆಗೆ ಹಂಚಿದರೆ ಪರೀಕ್ಷೆಯ ಖರ್ಚು ಪೈಸೆಗಳಲ್ಲಿ ಕರಗುತ್ತದೆ. ಹತ್ತು ವಿನ್ಯಾಸ, ಒಂದೊಂದರಲ್ಲಿ ಇಪ್ಪತ್ತೇ ಗೊಂಬೆ ಮಾಡುವ ಮನೆಗೆ ಲಾಭವೆಲ್ಲ ಅಲ್ಲೇ ಹೋಗುತ್ತದೆ. ಮಾದರಿಯನ್ನು ಎಳೆದು, ಬೀಳಿಸಿ, ಸುಟ್ಟು ನೋಡುವುದರಿಂದ ಆ ಗೊಂಬೆಗಳೂ ಮಾರಾಟಕ್ಕೆ ಉಳಿಯುವುದಿಲ್ಲ.

2020ರ ಡಿಸೆಂಬರಿನ ತಿದ್ದುಪಡಿ ವಿನಾಯಿತಿಯ ಎರಡು ಬಾಗಿಲು ತೆರೆಯಿತು: ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತ ಕುಶಲಕರ್ಮಿ ತಾನೇ ಮಾಡಿ ಮಾರುವ ವಸ್ತು, ಹಾಗೂ ಭೌಗೋಳಿಕ ಸೂಚಿಕೆಯ (ಊರಿನ ಹೆಸರಿನೊಡನೆ ನೋಂದಾದ ಸರಕಿನ ಜಿಐ ಗುರುತು) ಅಧಿಕೃತ ಬಳಕೆದಾರರ ವಸ್ತು. ಚನ್ನಪಟ್ಟಣದಲ್ಲಿ ಅರಗಿನ ಆಟಿಕೆ ಮಾಡಿದರಷ್ಟೇ ಸಾಲದು, ಅಧಿಕೃತ ಬಳಕೆದಾರರ ಪಟ್ಟಿಯಲ್ಲಿ ಹೆಸರಿರಬೇಕು. ಮೈಸೂರಿನ ಕ್ರೋಶಾ ಗೊಂಬೆಗೆ ಅಂಥ ಸೂಚಿಕೆಯೇ ಇಲ್ಲ, ಹಾಗಾಗಿ ಕುಶಲಕರ್ಮಿ ಗುರುತಿನ ಚೀಟಿ, ಅಂದರೆ ಪೆಹಚಾನ್ ಕಾರ್ಡ್, ಒಂದೇ ದಾರಿ. ಉದ್ಯಮ ನೋಂದಣಿ ಅಥವಾ ಜಿಎಸ್‌ಟಿ ಸಂಖ್ಯೆ ಇದರ ಬದಲಿಗೆ ನಡೆಯುವುದಿಲ್ಲ, ಬಹಳ ಜನ ಎಡವುವುದು ಇಲ್ಲೇ. ವಿನಾಯಿತಿ ಅಂಟಿರುವುದು ಗೊಂಬೆಗಲ್ಲ, ಮಾಡಿ ಮಾರುವ ಕೈಗೆ. ಕಾರ್ಡಿಲ್ಲದ ನೆರೆಮನೆಯವರಿಂದ ಹೆಣೆಸಿ ನಿಮ್ಮ ಕಾರ್ಡಿನಲ್ಲಿ ಮಾರಿದರೆ ರಕ್ಷಣೆ ಸಿಗದು. ನಿಯಮ ಮೀರಿದರೆ 2016ರ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಕಾಯ್ದೆಯಲ್ಲಿ ಮೊದಲ ತಪ್ಪಿಗೇ ಕನಿಷ್ಠ 2 ಲಕ್ಷ ರೂಪಾಯಿ ದಂಡ ಅಥವಾ 2 ವರ್ಷದವರೆಗೆ ಸಜೆ.

ಇಷ್ಟಾದರೂ ಮಗುವಿನ ಗಂಟಲಿಗೆ ವಿನಾಯಿತಿ ಇಲ್ಲ. ಆಟಿಕೆ ಸುರಕ್ಷತೆಯ ಭಾರತೀಯ ಮಾನಕವಾದ ಐಎಸ್ 9873ರ ಮೊದಲ ಭಾಗದಲ್ಲಿ ಹೇಳಿರುವ ಕೆಲವು ಪರೀಕ್ಷೆಗಳನ್ನು ಮನೆಯಲ್ಲೇ ಒರಟಾಗಿ ಮಾಡಿಕೊಳ್ಳಬಹುದು. 31.7 ಮಿ.ಮೀ. ಒಳವ್ಯಾಸದ, ಓರೆ ತಳದ ಕೊಳವೆಯಲ್ಲಿ ಪೂರ್ತಿ ಇಳಿಯುವ ಯಾವ ಚೂರೂ ಮೂರು ವರ್ಷದೊಳಗಿನವರ ಆಟಿಕೆಯಿಂದ ಕಳಚಬಾರದು. ಕಣ್ಣು, ಗುಂಡಿ, ಹೊಲಿಗೆಗೆ ತಕ್ಕಡಿ ಕೊಕ್ಕೆ ಹಾಕಿ 7 ಕೆ.ಜಿ. ತೋರುವಷ್ಟು 10 ಸೆಕೆಂಡು ಎಳೆಯಿರಿ. ಕ್ರೋಶಾದಲ್ಲಿ ಸೋಲುವುದು ಹೆಚ್ಚಾಗಿ ಪ್ಲಾಸ್ಟಿಕ್ ಕಣ್ಣು: ಅದನ್ನು ಒಳಗಿನಿಂದ ಹಿಡಿದಿಡುವ ಬಿಲ್ಲೆ ಗಟ್ಟಿಯಾಗಿದ್ದರೂ ಹೆಣಿಗೆ ಹಿಗ್ಗಿ ಬಿಲ್ಲೆ ಸಮೇತ ಹೊರಬರುತ್ತದೆ. ಎಳೆ ಮಕ್ಕಳ ಗೊಂಬೆಗೆ ಕಣ್ಣನ್ನು ದಾರದಲ್ಲೇ ಕಸೂತಿ ಮಾಡುವುದು ಲೇಸು.

ಬಣ್ಣವನ್ನು ಮಾತ್ರ ಕಣ್ಣಳತೆಯಲ್ಲಿ ಅಳೆಯಲಾಗದು. ಅದರಿಂದ ಹೊರಬರುವ ಸೀಸ ಕೆ.ಜಿ.ಗೆ 90 ಮಿ.ಗ್ರಾಂ. ಮೀರಬಾರದು. ಹಳದಿ, ಕಿತ್ತಳೆ ಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಇರಬಹುದು, ಕೈಗಾರಿಕಾ ಎನಾಮೆಲ್‌ಗಳಲ್ಲಂತೂ ಹೆಚ್ಚು ಎಚ್ಚರ ಬೇಕು. ಡಬ್ಬಿಯ ಬ್ಯಾಚ್ ಸಂಖ್ಯೆ ಬರೆದಿಟ್ಟು, ಮಾರಿದವರಿಂದ ಪರೀಕ್ಷಾ ವರದಿ ಕೇಳಿ ಪಡೆಯಿರಿ. ‘3 ವರ್ಷದೊಳಗಿನವರಿಗಲ್ಲ’ ಎಂಬ ಚೀಟಿ ಗಿಲಕಿಯನ್ನು ಉಳಿಸುವುದಿಲ್ಲ; ಅದು ಹಾಲುಗಲ್ಲದ ಕೂಸಿನ ಆಟಿಕೆಯೆಂದೇ ಪರಿಗಣಿತವಾಗುತ್ತದೆ.