ಒಬ್ಬಳಿಗೆ ಅಂತ ಎಂತ ತಿಂಡಿ?

ಬ್ರಹ್ಮಾವರದ ಹತ್ತಿರ ನನ್ನ ಚಿಕ್ಕಮ್ಮನ ಮನೆ. ಏಳು ಕೋಣೆ, ಇರುವುದು ಒಬ್ಬರೇ. ಚಿಕ್ಕಪ್ಪ ತೀರಿಕೊಂಡು ಎರಡು ವರ್ಷ ಆಯಿತು. ಮಗ ದುಬೈಯಲ್ಲಿ, ಮಗಳು ಬೆಂಗಳೂರಿನಲ್ಲಿ. ಇಬ್ಬರೂ ದಿನಾ ವಿಡಿಯೋ ಕಾಲ್ ಮಾಡುತ್ತಾರೆ, ಒಂದು ದಿನವೂ ತಪ್ಪಿಸುವುದಿಲ್ಲ.

ಕಳೆದ ಮಳೆಗಾಲದಲ್ಲಿ ಹೋಗಿದ್ದಾಗ ಅಡುಗೆಮನೆಯ ಕಿಟಕಿಯಲ್ಲಿ ಬಿಪಿ ಮಾತ್ರೆಯ ಸ್ಟ್ರಿಪ್ ಕಂಡಿತು. ತಂದು ಹತ್ತು ದಿನ ಆಗಿದೆ, ಖಾಲಿಯಾದದ್ದು ನಾಲ್ಕೇ. ಯಾಕೆ ಅಂತ ಕೇಳಿದೆ.

"ಒಬ್ಬಳಿಗೆ ಅಂತ ಎಂತ ತಿಂಡಿ ಮಾಡುದು ಮಗಾ? ತಿಂಡಿ ತಿಂದರಲ್ವಾ ಮಾತ್ರೆ?"

ಬೆಳಿಗ್ಗೆ ಬರೀ ಚಹಾ. ಮಧ್ಯಾಹ್ನ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ. ರಾತ್ರಿಗೂ ಅದೇ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿಯೇ ಪಲ್ಯ, ಸಾರು ಎಲ್ಲ ಆದಾಗ ಆ ಲೆಕ್ಕ ಎಲ್ಲಿ ನಿಲ್ಲುತ್ತದೆ?

ಒಂಟಿತನ ಹೀಗೆ ಊಟದ ಬಟ್ಟಲಿನ ದಾರಿಯಲ್ಲಿ ರಕ್ತದೊತ್ತಡಕ್ಕೆ ಬರುತ್ತದೆ. ಇನ್ನೊಂದು ದಾರಿಯೂ ಉಂಟು, ಅದು ಕಣ್ಣಿಗೆ ಕಾಣುವುದಿಲ್ಲ.

ರಾತ್ರಿ ಹಿತ್ತಿಲಲ್ಲಿ ಒಂದು ತೆಂಗಿನಕಾಯಿ ಬಿತ್ತು ಅಂತ ಇಟ್ಟುಕೊಳ್ಳಿ. ಮನೆ ತುಂಬ ಜನ ಇದ್ದರೆ ಮಗ್ಗುಲು ಬದಲಿಸಿ ಮಲಗುತ್ತೇವೆ. ಒಬ್ಬರೇ ಇದ್ದರೆ ಎದ್ದು ಕೂತು ಕಿವಿಗೊಡುತ್ತೇವೆ. ಆ ಹೊತ್ತಿಗೆ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ, ಸಣ್ಣ ರಕ್ತನಾಳಗಳು ಬಿಗಿಯುತ್ತವೆ, ತೋಟಕ್ಕೆ ನೀರು ಬಿಡುವ ಪೈಪನ್ನು ಹಿಸುಕಿದ ಹಾಗೆ. ಮೂತ್ರಪಿಂಡಗಳೂ ಉಪ್ಪು ಮತ್ತು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಅಪರೂಪಕ್ಕೆ ಆದರೆ ತೊಂದರೆ ಇಲ್ಲ. ಆದರೆ ನಿದ್ದೆಯಲ್ಲಿ ರಕ್ತದೊತ್ತಡ ಶೇಕಡಾ 10ರಿಂದ 20ರಷ್ಟು ಇಳಿಯಬೇಕು, ರಕ್ತನಾಳಗಳಿಗೆ ಸಿಗುವ ವಿಶ್ರಾಂತಿ ಅದು. ದಿನಾ ಅರೆ ಎಚ್ಚರದಲ್ಲೇ ಮಲಗುವವರಿಗೆ ಆ ಇಳಿತ ಎಲ್ಲಿಂದ ಬರಬೇಕು?

ಶಿಕಾಗೋದಲ್ಲಿ 50ರಿಂದ 68 ವರ್ಷದ 229 ಜನರನ್ನು ಸಂಶೋಧಕರು ಕೆಲವು ವರ್ಷ ಗಮನಿಸಿದರು. 2010ರಲ್ಲಿ ಫಲಿತಾಂಶ ಬಂತು. ಮೊದಲಲ್ಲಿ ಹೆಚ್ಚು ಒಂಟಿತನ ಅನುಭವಿಸುತ್ತಿದ್ದವರ ಮೇಲಿನ ಅಂಕ, ಅಂದರೆ ಸಿಸ್ಟಾಲಿಕ್ ಒತ್ತಡ, ನಾಲ್ಕು ವರ್ಷಗಳಲ್ಲಿ ಉಳಿದವರಿಗಿಂತ ಜಾಸ್ತಿ ಏರಿತ್ತು. ತೂಕ, ಸಿಗರೇಟು, ಖಿನ್ನತೆ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ವ್ಯತ್ಯಾಸ ಉಳಿಯಿತು. ನನಗೆ ಮುಖ್ಯ ಅನಿಸಿದ್ದು ಬೇರೆ. ಎಷ್ಟು ಜನ ಪರಿಚಯದವರು ಇದ್ದಾರೆ ಎನ್ನುವುದಕ್ಕಿಂತ, ತಾನು ಒಂಟಿ ಎಂಬ ಅನಿಸಿಕೆಗೇ ಅಲ್ಲಿ ತೂಕ. ಚಿಕ್ಕಮ್ಮನ ಫೋನಿನಲ್ಲಿ ಹೆಸರುಗಳಿಗೇನೂ ಕೊರತೆ ಇಲ್ಲ.

ಹಾಗಂತ ಜೊತೆಗೆ ಯಾರಾದರೂ ಇದ್ದರೆ ಸಾಕು ಅಂತಲೂ ಅಲ್ಲ. 2008ರಲ್ಲಿ ಅಮೆರಿಕದ ಸಂಶೋಧಕಿ ಜೂಲಿಯಾನ್ ಹೋಲ್ಟ್-ಲನ್‌ಸ್ಟಾಡ್ ಮತ್ತು ಸಂಗಡಿಗರು 204 ಮದುವೆಯಾದವರು, 99 ಅವಿವಾಹಿತರ ತೋಳಿಗೆ 24 ಗಂಟೆ ಬಿಪಿ ಯಂತ್ರ ಕಟ್ಟಿ ನೋಡಿದರು. ಸುಖವಾಗಿ ಸಂಸಾರ ಮಾಡುವವರ ಒತ್ತಡ ಕಡಿಮೆ ಇತ್ತು. ಸದಾ ಕಿರಿಕಿರಿಯ ಸಂಸಾರದವರ ಒತ್ತಡ ಅವಿವಾಹಿತರಿಗಿಂತಲೂ ಹೆಚ್ಚಿತ್ತು. "ಮಗ ಸೊಸೆ ಜೊತೆಗೇ ಇದ್ದಾರಲ್ಲ, ಇವರಿಗೆ ಎಂತ ಚಿಂತೆ" ಅಂತ ಹಿರಿಯರ ಬಗ್ಗೆ ಸುಲಭವಾಗಿ ಹೇಳಿಬಿಡುತ್ತೇವೆ. ಹಾಗೆ ಹೇಳಬಾರದು.

ಲಾಸ್ ಏಂಜಲೀಸ್‌ನ ಕ್ಷೌರದಂಗಡಿಗಳ ಕತೆ ನನಗೆ ತುಂಬ ಇಷ್ಟ. 52 ಅಂಗಡಿಗಳಿಗೆ ಖಾಯಂ ಬರುತ್ತಿದ್ದ, ಬಿಪಿ ಹತೋಟಿಯಲ್ಲಿಲ್ಲದ 319 ಕಪ್ಪು ಜನಾಂಗದ ಗಂಡಸರನ್ನು ಸಂಶೋಧಕರು ಆರಿಸಿಕೊಂಡರು. ಕೆಲವು ಅಂಗಡಿಗಳಿಗೆ ಔಷಧ ತಜ್ಞರೇ ಬಂದು ಬಿಪಿ ನೋಡಿ, ಮಾತ್ರೆ ಸರಿಹೊಂದಿಸಿದರು. ಉಳಿದ ಕಡೆ ಕ್ಷೌರಿಕರು ಸುಮ್ನೆ ಸಲಹೆ ಕೊಟ್ಟು, ಡಾಕ್ಟರನ್ನು ಕಾಣಿ ಎಂದರು. 2018ರ ವರದಿಯ ಪ್ರಕಾರ ಆರು ತಿಂಗಳಲ್ಲಿ ಮೊದಲ ಗುಂಪಿನ ಮೇಲಿನ ಅಂಕ ಸರಾಸರಿ 27 ಇಳಿಯಿತು, ಎರಡನೆಯದರಲ್ಲಿ 9. ಇಳಿಸಿದ್ದು ಮಾತ್ರೆಯೇ, ಅನುಮಾನ ಇಲ್ಲ. ಆದರೆ ಆ ಮಾತ್ರೆ ಅವರನ್ನು ತಲುಪಿದ್ದು ನಂಬಿಕೆಯ ಜಾಗದಲ್ಲಿ, ವರ್ಷಗಟ್ಟಲೆ ಪರಿಚಯದ ಕುರ್ಚಿಯಲ್ಲಿ. ನಮ್ಮಲ್ಲಿ ಭಜನಾ ಮಂದಿರ ಉಂಟು, ಸ್ವಸಹಾಯ ಸಂಘದ ವಾರದ ಸಭೆ ಉಂಟು, ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ ಇದ್ದಾರೆ. ಅಲ್ಲೆಲ್ಲ ಒಂದೊಂದು ಬಿಪಿ ಯಂತ್ರ ಯಾಕಿರಬಾರದು?

ಚಿಕ್ಕಮ್ಮನಿಗೆ ನಾನೊಂದು ಯಂತ್ರ ತಂದುಕೊಟ್ಟೆ. ಮೊದಲ ಭಾನುವಾರ ಆಚೆಮನೆಯ ಅಕ್ಕನನ್ನೂ ಕರೆದೆ. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಹೃದಯದ ಮಟ್ಟಕ್ಕೆ. ಐದು ನಿಮಿಷ ಮಾತಿಲ್ಲ, ಮಾತಾಡಿದರೆ ಅಂಕ ಏರುತ್ತದೆ. ಇಬ್ಬರಿಗೂ ಅದೇ ಕಷ್ಟವಾಯಿತು. ಚಿಕ್ಕಮ್ಮನದು 146/88.

"ನಿಮ್ಮದೂ ನೋಡುವ ಅಕ್ಕ" ಎಂದೆ.

"ನನಗೆಂತ ಆಗಿದೆ? ನಾನು ಗಟ್ಟಿ ಇದ್ದೇನೆ" ಎನ್ನುತ್ತಲೇ ತೋಳು ಚಾಚಿದರು. 162/98. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರೆ 158/96. ತಲೆನೋವಿಲ್ಲ, ತಲೆ ತಿರುಗುವುದಿಲ್ಲ, ಏನೂ ಇಲ್ಲ. ಲೋಕದಲ್ಲಿ ಬಿಪಿ ಇರುವ ವಯಸ್ಕರಲ್ಲಿ ಸುಮಾರು ಶೇಕಡಾ 46 ಮಂದಿಗೆ ತಮಗೆ ಅದು ಇದೆ ಎಂದೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತ್ತು. ಅಂಥವರೊಬ್ಬರು ನಮ್ಮ ಜಗಲಿಯಲ್ಲೇ ಕೂತಿದ್ದರು.

ಸೋಮವಾರ ಬೆಳಿಗ್ಗೆ ಚಿಕ್ಕಮ್ಮ ಬೇಗ ಎದ್ದು ಇಬ್ಬರಿಗಾಗುವಷ್ಟು ನೀರುದೋಸೆ ಮಾಡಿದರು. ತಿಂದು, ತನ್ನ ಮಾತ್ರೆ ನುಂಗಿ, ಆಚೆಮನೆಯ ಅಕ್ಕನನ್ನು ರಿಕ್ಷಾ ಹತ್ತಿಸಿಕೊಂಡು ಡಾಕ್ಟರ ಹತ್ತಿರ ಹೊರಟರು.